ಸೀಟು ಹಿಡಿದ ಕೂಸು

ಚಿಕ್ಕಮಲ್ಲಮ್ಮ ತೆರಕಣಾಂಬಿಯವಳು. ಎರಡು ಹಸು, ಮುಕ್ಕಾಲು ಎಕರೆ ಅರಿಸಿನದ ಹೊಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಗಂಡ, ಇಷ್ಟು ಅವಳ ಸಂಸಾರ. ಮಗಳು ನಾಗಲಕ್ಷ್ಮಿ ನನ್ನ ಶಿಷ್ಯೆ. ನಾಲ್ಕನೆಯ ತರಗತಿಯಲ್ಲಿಯೇ ಹತ್ತೊಂಬತ್ತರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುತ್ತಿದ್ದ ಹುಡುಗಿ. ಈಗ ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅವಳಿಗೆ ಎರಡೂವರೆ ವರ್ಷದ ಜೋಡಿ ಹೆಣ್ಣುಮಕ್ಕಳು. ಅಪ್ಪ ಅಮ್ಮ ಬಹಳ ಯೋಚಿಸಿ ಇಟ್ಟ ಹೆಸರುಗಳು ಅಜ್ಜಿಯ ನಾಲಿಗೆಗೆ ಒಗ್ಗಲಿಲ್ಲ. ಒಂಬತ್ತು ನಿಮಿಷ ಮೊದಲು ಹುಟ್ಟಿದ್ದು ದೊಡ್ಡಕೂಸು, ಆಮೇಲೆ ಹುಟ್ಟಿದ್ದು ಚಿಕ್ಕಕೂಸು ಎಂದು ಅವಳೇ ತೀರ್ಮಾನಿಸಿದ್ದಳು.

ಮಕ್ಕಳು ವಾರವೆಲ್ಲ ಅಜ್ಜಿಯ ಮನೆಯಲ್ಲಿರುತ್ತಿದ್ದವು. ಶನಿವಾರ ಸಂಜೆ ಅವುಗಳನ್ನು ಬಸ್ಸಿನಲ್ಲಿ ಚಾಮರಾಜನಗರಕ್ಕೆ ಮುಟ್ಟಿಸಿ, ಸೋಮವಾರ ಬೆಳಗ್ಗೆ ಮತ್ತೆ ಕರೆತರುವುದು ಚಿಕ್ಕಮಲ್ಲಮ್ಮನ ಕೆಲಸ. ಅಳಿಯ ಸೋಮೇಶನಿಗೆ ಈ ಏರ್ಪಾಡು ಹಿಡಿಸಿರಲಿಲ್ಲ. ಅವನ ಬೀದಿಯಲ್ಲಿಯೇ, ಗೋಡೆಯ ತುಂಬ ಜಿರಾಫೆ ಬರೆಸಿದ ಪ್ಲೇಹೋಮ್ ಒಂದಿತ್ತು. ಬಸ್ಸಿನಲ್ಲಿ ಒಂದೇ ಒಂದು ಸಲ ಹೆಚ್ಚುಕಡಿಮೆಯಾದರೂ ಮಕ್ಕಳು ಅಲ್ಲಿಗೆ ಹೋಗತಕ್ಕದ್ದು ಎಂದು ಅವನು ಕರಾರು ಹಾಕಿದ್ದ. ಚಿಕ್ಕಮಲ್ಲಮ್ಮ ಆ ಕರಾರಿಗೆ ನಗುತ್ತಲೇ ಒಪ್ಪಿದಳು. ಆದರೆ ಮಕ್ಕಳಿಲ್ಲದ ಮನೆಗೆ ಹಿಂತಿರುಗುವ ಶನಿವಾರದ ರಾತ್ರಿ ಅವಳು ಊಟ ಮಾಡುತ್ತಿರಲಿಲ್ಲವೆಂದು ಗಂಡ ನನ್ನಲ್ಲಿ ಹೇಳಿದ್ದುಂಟು. ಅದೂ ನಾನು ಕೇಳಿದ್ದರಿಂದ.

ಅವಳ ಆತ್ಮವಿಶ್ವಾಸಕ್ಕೆ ಕಾರಣವಿತ್ತು. ಹಿಂದೆ ನಮ್ಮ ಸೀಮೆಯಲ್ಲಿ ಕಿಟಕಿಯಿಂದ ಟವೆಲ್ ಎಸೆದರೆ ಸೀಟು ಎಸೆದವನದು. ರಿಜಿಸ್ಟರಾದ ಪತ್ರಕ್ಕಿರುವ ಮರ್ಯಾದೆ ಅದಕ್ಕಿತ್ತು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಜನ ಹೆಚ್ಚಿತು, ಟವೆಲಿನ ಮರ್ಯಾದೆ ಹೋಯಿತು. ಅದನ್ನು ಕೊಡವಿ, ಮಡಿಸಿ, ಅದರ ಮೇಲೆಯೇ ಕೂರುವವರು ಹುಟ್ಟಿಕೊಂಡರು. ಕೂಸನ್ನು ಯಾರೂ ಹಾಗೆ ಮಡಿಸುವಂತಿಲ್ಲವಷ್ಟೆ. ಚಿಕ್ಕಮಲ್ಲಮ್ಮ ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಅದರ ಪಕ್ಕದಲ್ಲಿ ಓಡಿ, ಮೂರನೆಯ ಕಿಟಕಿಯಿಂದ ದೊಡ್ಡಕೂಸನ್ನು ಒಳಕ್ಕೆ ಇಳಿಸಿಬಿಡುತ್ತಿದ್ದಳು. ತಾನು ಬರುವವರೆಗೆ ಏಳಕೂಡದು, ಪಕ್ಕದಲ್ಲಿ ಯಾರನ್ನೂ ಕೂರಿಸಕೂಡದು ಎಂದು ಅದಕ್ಕೆ ಕಲಿಸಿದ್ದಳು. ಮೂವತ್ತೆಂಟು ವರ್ಷ ಪಾಠ ಹೇಳಿದ ನಾನು ಅಷ್ಟು ಚೆನ್ನಾಗಿ ಕಲಿತ ಮಗುವನ್ನು ಕಂಡಿಲ್ಲ. ಅಜ್ಜಿ ಚಿಕ್ಕಕೂಸನ್ನು ಸೊಂಟದಲ್ಲಿಟ್ಟುಕೊಂಡು, ಬಾಗಿಲಿನ ನೂಕುನುಗ್ಗಲು ತಗ್ಗಿದ ಮೇಲೆ, ಮದುವೆಮನೆಗೆ ಬರುವ ಬೀಗಿತ್ತಿಯಂತೆ ನಿಧಾನವಾಗಿ ಹತ್ತುತ್ತಿದ್ದಳು. ನೋಡಿದ ತಾಯಂದಿರು ಕಲಿತರು. ಕೆಲವರಿಗೆ ಅವಳೇ ನಿಂತು ಕಲಿಸಿದಳು.

ಈ ವಿದ್ಯೆಯಲ್ಲಿ ಒಂದು ಲೋಪವಿತ್ತು. ಬಸ್ಸಿನ ಬೋರ್ಡು ಓದುತ್ತ ನಿಂತರೆ ಸೀಟು ಹೋಗುತ್ತದೆ. ಆದ್ದರಿಂದ ಅವಳು ಬೋರ್ಡು ನೋಡುತ್ತಿರಲಿಲ್ಲ. ಬಸ್ಸು ಬಂದು ನಿಲ್ಲುವ ಜಾಗವನ್ನು ಮಾತ್ರ ನೋಡುತ್ತಿದ್ದಳು.

ಹೋದ ಶ್ರಾವಣದ ಒಂದು ಸೋಮವಾರ ಬೆಳಗ್ಗೆ ಚಾಮರಾಜನಗರದ ಸ್ಟ್ಯಾಂಡಿನಲ್ಲಿ, ತೆರಕಣಾಂಬಿಯ ಮೇಲೆ ಹೋಗುವ ಗುಂಡ್ಲುಪೇಟೆಯ ಬಸ್ಸು ನಿಲ್ಲುವ ಜಾಗಕ್ಕೆ ಬೇರೆ ದಿಕ್ಕಿನ ಸತ್ಯಮಂಗಲದ ಬಸ್ಸು ಬಂದು ನಿಂತಿತು. ಸತ್ಯಮಂಗಲದ ಬಸ್ಸಿನ ಜಾಗದಲ್ಲಿ ಕೆಟ್ಟ ಬಸ್ಸೊಂದನ್ನು ತಳ್ಳುತ್ತಿದ್ದರು. ಚಿಕ್ಕಮಲ್ಲಮ್ಮ ಓಡಿದಳು, ಮೂರನೆಯ ಕಿಟಕಿ, ದೊಡ್ಡಕೂಸು ಒಳಗೆ. ಸೆರಗು ಸರಿಪಡಿಸಿಕೊಂಡು ಅವಳು ಬಾಗಿಲಿನ ಕಡೆಗೆ ಬರುವಷ್ಟರಲ್ಲಿ ಹಿಂದೆಯೇ ಗುಂಡ್ಲುಪೇಟೆಯ ಬಸ್ಸು ಬಂದು ಒತ್ತಿ ನಿಂತಿತು. ಕಂಡಕ್ಟರು ಗುಂಡ್ಲುಪೇಟೆ ಎಂದು ಕೂಗಿದ ಬಾಗಿಲನ್ನು ಅವಳು ಹತ್ತಿದಳು. ನಾನು ಆ ಬಸ್ಸಿನಲ್ಲಿಯೇ ಹಿಂದಿನ ಸಾಲಿನಲ್ಲಿದ್ದೆ.

ಮೂರನೆಯ ಕಿಟಕಿಯ ಬಳಿ ಗುಲಾಮ್ ಮೊಹಿದ್ದೀನ್ ಕುಳಿತಿದ್ದರು. ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುವವರು; ಪಕ್ಕದಲ್ಲಿ ಹತ್ತಿಯ ದೊಡ್ಡ ಗಂಟು.

“ನನ್ ಕೂಸ್ನ ಎಲ್ಗ ಎತ್ತಾಕ್ದಯ್ಯಾ?” ಎಂದಳು ಚಿಕ್ಕಮಲ್ಲಮ್ಮ.

“ಯಾವ ಕೂಸಮ್ಮ? ನಾನ್ ಬಂದಾಗ ಇಲ್ಲಿ ಕಡ್ಲೆಕಾಯ್ ಸಿಪ್ಪೆ ಬುಟ್ರ ಯಾನೂ ಇರ್ನಿಲ್ಲ.”

ಸೀಟಿಗಾಗಿ ಮಗುವನ್ನು ಎತ್ತಿಹಾಕಿದ ಗಂಡಸು ಎಂಬ ಸುದ್ದಿ ಬಸ್ಸಿನ ಈ ತುದಿಯಿಂದ ಆ ತುದಿಗೆ ಹೋಯಿತು. ಹೆಂಗಸರೆಲ್ಲ ಒಂದಾದರು. ಒಬ್ಬಳು ಬಗ್ಗಿ ಸೀಟಿನ ಅಡಿಯಲ್ಲಿ ನೋಡಿದಳು. ಮತ್ತೊಬ್ಬಳು ಹತ್ತಿಯ ಗಂಟನ್ನು ಒತ್ತಿ ನೋಡಿದಳು. ಇಷ್ಟು ವಿಚಾರಣೆ ನಡೆಯುವಾಗ ಸತ್ಯಮಂಗಲದ ಬಸ್ಸು ಹಾರನ್ ಮಾಡಿ ಹೊರಟುಹೋಯಿತು. ಅದರತ್ತ ಯಾರೂ ತಿರುಗಲಿಲ್ಲ.

ಬೈಸಿಕೊಳ್ಳುತ್ತಿದ್ದ ಗುಲಾಮ್ ಮೊಹಿದ್ದೀನರು ಬೇರೆ ಬಸ್ಸುಗಳಲ್ಲಿಲ್ಲದ, ಈ ಬಸ್ಸಿನ ಕಿಟಕಿಗೆ ಅಡ್ಡಲಾಗಿದ್ದ ಕಬ್ಬಿಣದ ಕಂಬಿಗಳನ್ನು ಮುಟ್ಟಿ ತೋರಿಸಿದರು. “ಕೈ ತೂರ್ಸದೇ ಕಷ್ಟ ಇಲ್ಲಿ. ಈ ಸಂದೀಲಿ ಕೂಸ್ನ ಎಂಗಮ್ಮ ಬುಟ್ಟೆ?”

ಚಿಕ್ಕಮಲ್ಲಮ್ಮ ಕಂಬಿಗಳನ್ನು ನೋಡಿದಳು. ಅವಳ ಮುಖ ಅರಿಸಿನ ಬೇಯಿಸಿ ಸೋಸಿದ ನೀರಿನಂತಾಯಿತು.

ಆಮೇಲಿನ ಕೆಲಸವನ್ನೆಲ್ಲ ಆಪಾದಿತರೇ ಮಾಡಿದರು. ಸ್ಟ್ಯಾಂಡಿನ ಕಂಟ್ರೋಲರನ ಬಳಿಗೆ ಓಡಿ, ಆಗ ಹೊರಟುಹೋದ ಸತ್ಯಮಂಗಲದ ಬಸ್ಸಿನ ಕಂಡಕ್ಟರಿಗೆ ಫೋನು ಮಾಡಿಸಿದರು. ಕೂಸು ಕ್ಷೇಮವಾಗಿತ್ತು. ಪ್ರತಿಯೊಬ್ಬರೂ ಅದು ಹಿಂದಿನ ಸೀಟಿನವರ ಮಗುವೆಂದು ತಿಳಿದು ನಿಶ್ಚಿಂತರಾಗಿದ್ದರು. ಬಸ್ಸು ಆಗಲೇ ದೂರ ಹೋಗಿದ್ದರಿಂದ ದಾರಿಯಲ್ಲಿ ಸಿಗುವ ಪುಣಜನೂರಿನ ಚಹದ ಅಂಗಡಿಯಲ್ಲಿ ಬಿಟ್ಟುಹೋಗುವುದಾಗಿ ಕಂಡಕ್ಟರು ಹೇಳಿದ. ಅವರೂ ನಾನೂ ಬಸ್ಸಿಳಿದು ಚಿಕ್ಕಮಲ್ಲಮ್ಮನೊಡನೆ ಆಟೋ ಹತ್ತಿದೆವು. ಗುಲಾಮ್ ಮೊಹಿದ್ದೀನರ ಹತ್ತಿಯ ಗಂಟು ಅವರ ಸೀಟಿನಲ್ಲಿ ಒಂಟಿಯಾಗಿ ಗುಂಡ್ಲುಪೇಟೆಯವರೆಗೆ ಕುಳಿತು ಹೋಯಿತೆಂದು ಮರುದಿನ ತಿಳಿಯಿತು.

ಆಟೋದಲ್ಲಿ ಚಿಕ್ಕಕೂಸು ಎರಡು ಸಲ ನನ್ನ ಪಂಚೆಯ ಮೇಲೆ ವಾಂತಿ ಮಾಡಿತು. ಕಾಡಿನ ಅಂಚು ಕಾಣಿಸತೊಡಗಿದಾಗ ಚಿಕ್ಕಮಲ್ಲಮ್ಮ ಅಳಿಯನಿಗೆ ಹೇಳಬೇಕಾದ ಕಥೆಯನ್ನು ಕಟ್ಟಲು ಆರಂಭಿಸಿದಳು. ಬಸ್ಸು ದಾರಿಯಲ್ಲಿ ಕೆಟ್ಟು ತಡವಾಯಿತು ಎಂಬುದು ಮೊದಲ ಕರಡು. ಕೆಟ್ಟಿತು ಎಂದರೆ ಯಾವ ಊರಿನಲ್ಲಿ ಎಂದು ಕೇಳುತ್ತಾರೆ, ಪಂಕ್ಚರ್ ಎನ್ನಿ ಎಂದು ಗುಲಾಮ್ ಮೊಹಿದ್ದೀನರು ತಿದ್ದಿದರು. ಸತ್ಯವನ್ನೇ ನುಡಿಯಬೇಕೆಂದು ಊರಿನ ಮೂರು ತಲೆಮಾರಿಗೆ ಕಾಪಿ ಬರೆಸಿದ ನಾನು ಹೊರಗಿನ ಮರಗಳನ್ನು ನೋಡುತ್ತಿದ್ದೆ.

ಪುಣಜನೂರಿನಲ್ಲಿ ಚಹದ ಅಂಗಡಿಯ ಮುಂದೆ ಉದ್ದನೆಯ ಬೆಂಚು. ಅದರ ಒಂದು ತುದಿಯಲ್ಲಿ ದೊಡ್ಡಕೂಸು ಕುಳಿತಿತ್ತು. ಚಹ ಕುಡಿಯುವ ನಾಲ್ಕೈದು ಮಂದಿ ಲೋಟ ಹಿಡಿದು ನಿಂತಿದ್ದರು. ಅಂಗಡಿಯ ದೊಡ್ಡಮಾದಮ್ಮ ನಮ್ಮನ್ನು ಕಂಡೊಡನೆ ದೂರು ಹೇಳಿದಳು.

“ಯಾರವ್ವ ಇದ್ರ ವಾರಸ್ದಾರ್ರು? ಬಿಸ್ಕತ್ ಕೊಟ್ರೂ ಏಳ್ನಿಲ್ಲ. ಒಬ್ರೂವ ಕೂರಂಗಿಲ್ಲ. ಪಕ್ಕದಲ್ಲಿ ಕುಂತ್ಕಳಕ್ ಓದ್ರ ನನ್ನೇ ಕಚ್ತು ಕನ.”

ಕೂಸು ಅಳಲಿಲ್ಲ, ಓಡಿಯೂ ಬರಲಿಲ್ಲ. ಬೆಂಚಿನ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿ, “ಅಜ್ಜಿ ಸೀಟು” ಎಂದಿತು.

ಚಿಕ್ಕಮಲ್ಲಮ್ಮ ಹೋಗಿ ಆ ಜಾಗದಲ್ಲಿ ಕುಳಿತಳು. ಆಮೇಲೆ ಫೋನು ತೆಗೆದಳು. ಗುಲಾಮ್ ಮೊಹಿದ್ದೀನರು ತಗ್ಗಿದ ಸ್ವರದಲ್ಲಿ ಪಂಕ್ಚರನ್ನು ನೆನಪಿಸಿದರು. ಅವಳು ಅವರ ಕಡೆ ನೋಡಲಿಲ್ಲ.

“ಲಕ್ಷ್ಮೀ, ದೊಡ್ಡಕೂಸ್ನ ಬ್ಯಾರೆ ಬಸ್ಗ ಕೊಟ್ಬುಟ್ಟಿದ್ದೆ ಕನವ್ವ. ತಪ್ಪು ನಂದೇಯ. ಈಗ ಸಿಕ್ಕದ, ಪುಣಜನೂರಲ್ಲಿ ಕುಂತಿವಿ.”

ಆ ಕಡೆಯಿಂದ ನಾಗಲಕ್ಷ್ಮಿ ಕೂಸು ಏನಾದರೂ ತಿಂದಿದೆಯೇ ಎಂದಷ್ಟೇ ಕೇಳಿ, ಇಬ್ಬರನ್ನೂ ವಾಪಸು ಚಾಮರಾಜನಗರಕ್ಕೆ ಕರೆತರುವಂತೆ ಹೇಳಿದಳು.

ಸಂಜೆಯ ಪಂಚಾಯಿತಿಯ ವಿವರ ನನಗೆ ನಾಗಲಕ್ಷ್ಮಿಯಿಂದ ತಿಳಿದದ್ದು. ಸೋಮೇಶ ಕೂಗಾಡಲಿಲ್ಲ, ಗೆದ್ದವರು ಕೂಗಾಡಬೇಕಾಗಿಲ್ಲ. ಕರಾರಿನಂತೆ ನೇರವಾಗಿ ಪ್ಲೇಹೋಮಿಗೆ ಹೋದ. ಮೂರು ವರ್ಷ ತುಂಬಿ, ಚಡ್ಡಿ ಒದ್ದೆ ಮಾಡುವುದು ನಿಂತ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯ ಮೇಡಮ್ಮು ಹೇಳಿ ಕಳುಹಿಸಿದರು. ಇಷ್ಟು ದಿನ ಅವನು ಅತ್ತೆಯನ್ನು ಹೆದರಿಸುತ್ತಿದ್ದ ಬೆತ್ತ ಅವನ ಕೈಯಲ್ಲಿ ಇರಲೇ ಇಲ್ಲ.

ಆಗ ನಾಗಲಕ್ಷ್ಮಿಯೇ ತೀರ್ಪು ಕೊಟ್ಟಳು. ಮಕ್ಕಳು ಇನ್ನು ಬಸ್ಸು ಹತ್ತುವುದಿಲ್ಲ, ಇಲ್ಲಿಯೇ ಇರುತ್ತವೆ. “ನೀ ನಿಜ ಏಳ್ದೆ ಅಂತ ಈ ಮಾತ ಆಡ್ತಿವ್ನಿ, ಅವ್ವ. ಕೂಸ್ಗ ನೀನೇ ಬೇಕು. ಅವು ಬರದಿಲ್ಲ, ನೀನೇ ಬಾ.”

ಮಕ್ಕಳ ಪ್ರಯಾಣ ಹೀಗೆ ನಿಂತಿತು. ಅಜ್ಜಿಯದು ವಾರಕ್ಕೆ ಹನ್ನೆರಡಾಯಿತು. ಬೆಳಗ್ಗೆ ಹಸು ಕರೆದು ಏಳೂವರೆಯ ಬಸ್ಸಿಗೆ ಹೋಗುತ್ತಾಳೆ, ಸಂಜೆ ಹಸು ಕರೆಯುವ ಹೊತ್ತಿಗೆ ಮರಳುತ್ತಾಳೆ. ಜೊತೆಯಲ್ಲಿ ಎರಡು ಮಕ್ಕಳಿದ್ದಾಗ ಜಾಗ ಬಿಡುತ್ತಿದ್ದ ಜನ ಈಗ ಅವಳನ್ನು ಕಂಡರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ಅವಳು ಕಂಬಿ ಹಿಡಿದು ನಿಲ್ಲುತ್ತಾಳೆ. ತನ್ನ ವಿದ್ಯೆಯನ್ನು ಬೇರೆಯವರು ಪ್ರಯೋಗಿಸುವುದನ್ನು ದಿನವೂ ನೋಡುತ್ತಾಳೆ.

ಮೊನ್ನೆ ನಾನೂ ಆ ಬಸ್ಸಿನಲ್ಲಿದ್ದೆ. ತೆರಕಣಾಂಬಿಯ ಸ್ಟಾಪಿನಲ್ಲಿ ಕೆಳಗಿನಿಂದ ಒಬ್ಬ ತಾಯಿ ಮಗುವೊಂದನ್ನು ಕಿಟಕಿಗೆ ಎತ್ತಿದಳು. ಒಳಗಿದ್ದವರು ಕೈ ಚಾಚಿದರು. ಚಿಕ್ಕಮಲ್ಲಮ್ಮ ಅವರನ್ನೆಲ್ಲ ಸರಿಸಿ ಕಿಟಕಿಗೆ ಬಗ್ಗಿ, “ಎಲ್ಗ ಓಗಬೇಕಮ್ಮಿ ನೀನು?” ಎಂದು ಕೇಳಿದಳು.

ಆ ತಾಯಿ ಗುಂಡ್ಲುಪೇಟೆ ಎಂದಳು. ಬಸ್ಸು ಚಾಮರಾಜನಗರದ ಕಡೆಗೆ ಮುಖ ಮಾಡಿ ನಿಂತಿತ್ತು. ಚಿಕ್ಕಮಲ್ಲಮ್ಮ ಅರ್ಧ ಒಳಗೆ ಬಂದಿದ್ದ ಮಗುವನ್ನು ಜೋಪಾನವಾಗಿ ಹೊರಕ್ಕೆ ಇಳಿಸಿದಳು. ಹಿಡಿದ ಸೀಟನ್ನು ಕಳೆದ ಮುದುಕಿಯನ್ನು ಆ ತಾಯಿ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬೈಯುತ್ತಿದ್ದಳು.