ಅಕ್ಕನಿಗೆ ಮಾತ್ರ ಬರುತ್ತಿದ್ದ ವಾಸನೆ

ಹಾಲು ಸೀದ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ನಾನು ಈಗಲೂ ಒಲೆಯ ಕಡೆ ನೋಡುವುದಿಲ್ಲ, ಅಕ್ಕನ ಮುಖ ಹುಡುಕುತ್ತೇನೆ. ಉಡುಪಿ ಕಡೆಯಿಂದ ಬಂದ ಅಪ್ಪ ತಮಿಳು ಸೀಮೆಯ ಅಡ್ಯಾರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು; ಅದರ ಮಹಡಿಯೇ ನಮ್ಮ ಮನೆ. ಕೆಳಗೆ ದಿನವಿಡೀ ಸಾಂಬಾರು ಕುದಿಯುತ್ತಿತ್ತು, ದೋಸೆಕಲ್ಲಿನ ಮೇಲೆ ನೀರು ಚುಂಯ್ ಎನ್ನುತ್ತಿತ್ತು, ಆ ಬಿಸಿ ನೆಲದಿಂದ ನಮ್ಮ ಅಂಗಾಲಿಗೆ ಹತ್ತುತ್ತಿತ್ತು. ಓದುತ್ತ ಕೂತ ಸುಮಕ್ಕ ಇದ್ದಕ್ಕಿದ್ದಂತೆ ತಲೆಯೆತ್ತಿ, "ಅಮ್ಮಾ, ಹಾಲು ಸೀದ ವಾಸನೆ ಬರ್ತಾ ಉಂಟು" ಎನ್ನುತ್ತಿದ್ದಳು. ಅಮ್ಮ ಅಡುಗೆಮನೆಯೆಲ್ಲ ನೋಡಿ ಬರುತ್ತಿದ್ದಳು. ಎಲ್ಲೂ ಏನೂ ಸೀದಿರುತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕ ಎತ್ತಲೋ ನೋಡುತ್ತ, ಬಾಯಿ ಚಪ್ಪರಿಸುತ್ತ, ಲಂಗದ ಅಂಚು ಹಿಸುಕುತ್ತ ಕೂತಿರುತ್ತಿದ್ದಳು. ಕರೆದರೆ ಓಗೊಡುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಹುಡುಗಿಯೊಬ್ಬಳು ಇದ್ದಿರಬಹುದು. ಹಗಲುಗನಸಿನವಳು ಎಂದು ನಾವು ನಗುತ್ತಿದ್ದೆವು.

ಶಾಲೆಯಲ್ಲಿ ಯಾರೂ ನಗುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡದ ಮೊಂಡಿ ಎಂದು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಯಾಕೆ ನಿಂತಿದ್ದೇನೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಹೊಸದಾಗಿ ಬಂದ ವಿಜ್ಞಾನದ ಮಂಗಳಂ ಟೀಚರ್ ಮಾತ್ರ ಬೈಯದೆ, ಪಕ್ಕದಲ್ಲಿ ಕೂತು, ಅವಳಿಗೆ ಎಚ್ಚರವಾಗುವ ತನಕ ಮೆಲ್ಲಗೆ ಮಾತಾಡುತ್ತಿದ್ದರಂತೆ. ಒಂದು ಸಂಜೆ ಅವರು ಹೋಟೆಲಿಗೇ ಬಂದು, ಇದು ಮೊಂಡುತನವಲ್ಲ, ಫಿಟ್ಸ್ ಇರಬಹುದು, ಡಾಕ್ಟರಿಗೆ ತೋರಿಸಿ ಎಂದರು. ಅಪ್ಪನ ಮುಖ ಕಪ್ಪಿಟ್ಟಿತು. ಮಗಳು ಒಮ್ಮೆಯೂ ಬಿದ್ದಿಲ್ಲ, ಬಾಯಲ್ಲಿ ನೊರೆ ಬಂದಿಲ್ಲ, ಹೆಣ್ಣುಮಗುವಿಗೆ ಅಂಥ ಹೆಸರು ಅಂಟಿದರೆ ಮುಂದೇನು ಗತಿ ಎಂದು ಅವರ ವಾದ. ಟೀಚರ್ ತಾಳ್ಮೆಯಿಂದ ತಮಿಳಿನಲ್ಲಿ ವಿವರಿಸಿದರು. ಕೆಲವು ಮಕ್ಕಳು ಬಿದ್ದು ಕೈಕಾಲು ಅದುರಿಸುತ್ತಾರೆ, ಕೆಲವರು ಕಣ್ಣು ಬಿಟ್ಟುಕೊಂಡೇ ಕ್ಷಣಹೊತ್ತು ಇಲ್ಲವಾಗುತ್ತಾರೆ, ಇನ್ನು ಕೆಲವರ ಮೂಗಿಗೆ ಇಲ್ಲದ ವಾಸನೆ ಬರುತ್ತದೆ. ವಾಸನೆ ಎಂದ ಕೂಡಲೇ ಅಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನೀವು ಬಾರದಿದ್ರೆ ನಾನೊಬ್ಬಳೇ ಕರ್ಕೊಂಡು ಹೋಗ್ತೇನೆ" ಎಂದಳು ಅಪ್ಪನಿಗೆ.

ಡಾಕ್ಟರ್ ಹೌದೆಂದರು. ಮಾತ್ರೆ ಶುರುವಾಯಿತು. ಅದು ಸರಿಯಾಗಿ ಹಿಡಿಯುವ ಮೊದಲೇ ಒಂದು ಭಾನುವಾರ, ಗಿರಾಕಿಗಳಿಂದ ತುಂಬಿದ್ದ ಹೋಟೆಲಿನ ನಡುವೆ ಅಕ್ಕ ಬಿದ್ದಳು. ಮೈಯೆಲ್ಲ ಸೆಟೆದು ಅದುರತೊಡಗಿತು. ಯಾರೋ ಬೀಗದ ಕೈ ತನ್ನಿ ಎಂದರು, ಇನ್ಯಾರೋ ಹಲ್ಲಿನ ನಡುವೆ ಇಡಲು ಚಮಚ ತಂದರು. ಬಾಯಿಗೆ ಏನೂ ಹಾಕಬೇಡಿ ಎಂದು ಅಮ್ಮ ತಡೆದಳು. ಬೆಂಚು ಸರಿಸಿ, ತಲೆಯ ಕೆಳಗೆ ಟವಲು ಮಡಚಿಟ್ಟು, ಅದುರುವುದು ನಿಂತ ಮೇಲೆ ಅವಳನ್ನು ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲೇ ಕೂತಳು. ಯಾರಿಗೂ ತಿಳಿಯಬಾರದು ಎನ್ನುತ್ತಿದ್ದ ಅಪ್ಪ ಗಲ್ಲಾದಿಂದ ಎದ್ದು ಬಂದರು. ಮಗಳಿಗೂ ಗಿರಾಕಿಗಳಿಗೂ ನಡುವೆ ನಿಂತು, ಮೊದಲು ತಮಿಳಿನಲ್ಲಿ, ಆಮೇಲೆ ಯಾರಿಗೆಂದು ಗೊತ್ತಿಲ್ಲದ ಹಾಗೆ ಕನ್ನಡದಲ್ಲಿ ಹೇಳಿದರು: "ನನ್ನ ಮಗಳಿಗೆ ಫಿಟ್ಸ್ ಉಂಟು. ಈಗ ಸರಿಯಾಗ್ತಾಳೆ." ಅಕ್ಕ ಮರುವಾರವೇ ಶಾಲೆಗೆ ಹೋದಳು. ಮತ್ತೆ ಯಾರೂ ಅವಳನ್ನು ಹೊರಗೆ ನಿಲ್ಲಿಸಲಿಲ್ಲ.

ಆಮೇಲೂ ಆಗಾಗ ಅವಳು ಹಾಗೆ ಕಳೆದುಹೋಗುತ್ತಿದ್ದಳು. ಕಣ್ಣಿಗೆ ಬೆಳಕು ಮರಳಿದಾಗ ಅಮ್ಮ ಅವಳ ಬೆನ್ನು ಸವರುತ್ತ, ಅವಳಿಗೆ ತಪ್ಪಿಹೋದದ್ದನ್ನೆಲ್ಲ ಹೇಳುತ್ತಿದ್ದಳು: ಕಿಟಕಿಗೆ ಕಾಗೆ ಬಂದದ್ದು, ಕೆಳಗೆ ಯಾರೋ ಕಾಫಿ ಚೆಲ್ಲಿದ್ದು, ನಾನು ಅಕ್ಕನ ಪೆನ್ಸಿಲು ಎತ್ತಿಕೊಂಡದ್ದು. ಅಕ್ಕ ಕಥೆ ಕೇಳುವ ಮಗುವಿನಂತೆ ಕೇಳುತ್ತಿದ್ದಳು.

ಆ ಮಹಡಿ ಈಗಿಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಕ್ಕ ಪಲ್ಲಾವರಂನಲ್ಲಿದ್ದಾಳೆ, ಮಾತ್ರೆ ಬಿಟ್ಟಿಲ್ಲ, ಎಷ್ಟೋ ವರ್ಷಗಳಿಂದ ಫಿಟ್ಸ್ ಬಂದಿಲ್ಲ. ಮೊನ್ನೆ ಬೆಸೆಂಟ್ ನಗರದ ಕಡಲತೀರದ ಮರಳಿನಲ್ಲಿ ಕೂತಿದ್ದಾಗ ಹೇಳಿದಳು: "ನಾನಿಲ್ಲದ ನಿಮಿಷಗಳೆಲ್ಲ ಅಮ್ಮನ ಹತ್ರ ಇದ್ವು. ಅವಳ ಜೊತೆ ಅವೂ ಹೋದ್ವು." ನಾನು ನೆನಪಿಸಿಕೊಳ್ಳಲು ನೋಡಿದೆ. ಅಮ್ಮನ ದನಿ ಕೇಳಿಸಿತು, ಮಾತು ಕೇಳಿಸಲಿಲ್ಲ.