ಚಾವಿ ಸಿಕ್ಕಿದ ಊರು

ಅಮ್ಮನ ಅಡಿಗೆಮನೆ ಖಾಲಿ ಮಾಡುವಾಗ ಕಪಾಟಿನ ಹಿಂಬದಿಯಲ್ಲಿ ಒಂದು ಬಾಟಲಿ ಸಿಕ್ಕಿತು. ಒಳಗೆ ತಾಳೆಹಣ್ಣಿನ ಕೆಂಪೆಣ್ಣೆ, ಮುಚ್ಚಳದ ಸುತ್ತ ಜಿಡ್ಡು. ಮೂಸಿದೆ. ಕಮಟು. ಅದರಡಿಯಲ್ಲೆಲ್ಲೋ ಒಣ ಸಿಗಡಿ, ಬಿಸಿ ಬಾಣಲೆ, ಸಮುದ್ರದ ಗಾಳಿ. ಅಳು ಬರಬೇಕಿತ್ತು, ಬರಲಿಲ್ಲ. ಅಮ್ಮ ತೀರಿಹೋಗಿ ಆರು ವಾರವಾಯಿತು, ನನಗಿನ್ನೂ ಏನೂ ಅನಿಸುತ್ತಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಅನಿಸುತ್ತದಲ್ಲ, ಹಾಗಿದ್ದೇನೆ.

ಮಂಗಳೂರಿನಲ್ಲಿ ಅಮ್ಮ ಮಾತಿನ ಮಲ್ಲಿಯಂತೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿಗೆ ಬಂದ ಹೊಸತರಲ್ಲಿ ಅಂಗಡಿಯಲ್ಲಿ ಒಂದು ವಾಕ್ಯ ಇಂಗ್ಲಿಷ್ ಆಡಿದಳು, ಹಿಂದೆ ನಿಂತವರು ನಕ್ಕರು. ಅಷ್ಟೇ. ಆಮೇಲೆ ಮನೆಯ ಹೊಸ್ತಿಲು ದಾಟಿದರೆ ಅವಳ ಬಾಯಿಗೆ ಬೀಗ. ಅಪ್ಪ ಆಸ್ಪತ್ರೆಯ ಡಾಕ್ಟರು, ಡ್ಯೂಟಿಯ ರೋಟಾ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಹಾಗಾಗಿ ನಮ್ಮ ಬೀದಿಯ ಡಾಕ್ಟರು ಜಿಪಿಯ ಹತ್ತಿರ, ಮೀನಿನಂಗಡಿಯಲ್ಲಿ, ಬಸ್ಸಿನಲ್ಲಿ ಅಮ್ಮನ ನಾಲಿಗೆ ನಾನೇ. ಶಾಲೆಯಲ್ಲಿ ಟೀಚರು ನನ್ನ ಮೇಲೆ ಹೇಳಿದ ದೂರನ್ನು ಹೊಗಳಿಕೆ ಮಾಡಿ ಅಮ್ಮನಿಗೆ ದಾಟಿಸಿದವಳೂ ನಾನೇ! ಬೇಸರವೆಂದು ಗೊಣಗುತ್ತಿದ್ದೆ. ಒಳಗೊಳಗೇ ಜಂಬವೂ ಇತ್ತು.

ನನಗೆ ಹನ್ನೆರಡಾದಾಗ ಅಪ್ಪನಿಗೆ ಬ್ರೆಜಿಲಿನ ಸಾಲ್ವಡೋರಿನಲ್ಲಿ ವೈದ್ಯರ ಸಮ್ಮೇಳನವಿತ್ತು. ಒಂದು ದಿನದ ಭಾಷಣಗಳಿಗೆ ಚಕ್ಕರ್ ಹೊಡೆದು ನಮಗೆ ಊರು ತೋರಿಸಲು ಹೊರಟರು. ಹೋಟೆಲಿನ ಹುಡುಗಿ ಕೋಣೆಯ ಬೀಗದ ಕೈ ಎತ್ತಿ ತೋರಿಸಿ, ‘ಶಾವಿ?’ ಎಂದಳು. ಅಮ್ಮ ನಿಂತುಬಿಟ್ಟಳು.

‘ಎಂತ ಹೇಳಿದ್ಳು ಅವಳು? ಚಾವಿ ಅಂದ್ಳಾ?’

ಪೋರ್ಚುಗೀಸರು ನಮ್ಮ ಕರಾವಳಿಗೂ ಬಂದಿದ್ದರು, ಇಲ್ಲಿಗೂ ಬಂದಿದ್ದರು, ಮಾತು ಬಿಟ್ಟುಹೋಗಿದ್ದಾರೆ ಎಂದು ಅಪ್ಪ ವಿವರಿಸಿದರು. ಅಮ್ಮ ಅರ್ಧವೂ ಕೇಳಲಿಲ್ಲ, ಆಗಲೇ ಆ ಹುಡುಗಿಯೊಡನೆ ‘ಚಾವಿ, ಚಾವಿ’ ಎಂದು ನಗುತ್ತಿದ್ದಳು. ಬಂದರಿನಿಂದ ಮೇಲಿನ ಊರಿಗೆ ಜನರನ್ನು ಏರಿಸುವ ದೊಡ್ಡ ಲಿಫ್ಟಿನಲ್ಲಿ, ಬಣ್ಣಬಣ್ಣದ ಮನೆಗಳ ಕಲ್ಲುಹಾಸಿನ ಬೀದಿಯಲ್ಲಿ, ಅವಳ ಮಾತೇ ಮಾತು. ಬೀದಿಯ ಮೂಲೆಯಲ್ಲಿ ಬಿಳಿ ಲಂಗದ ಹೆಂಗಸೊಬ್ಬಳು ಕೆಂಪೆಣ್ಣೆಯಲ್ಲಿ ವಡೆಯಂಥದೇನೋ ಕರಿಯುತ್ತಿದ್ದಳು. ಅಮ್ಮ ಅವಳೆದುರು ಕುಕ್ಕರುಗಾಲಿನಲ್ಲಿ ಕೂತು, ‘ಅಲಸಂಡೆ ಅಲ್ವಾ ಇದು? ಅಯ್ಯೋ ದೇವ್ರೇ, ನಮ್ಮ ಅಂಬಡೆಯೇ!’ ಎಂದು ಅಚ್ಚ ಕನ್ನಡದಲ್ಲೇ ಹೇಳಿದಳು. ಆ ಹೆಂಗಸು ತನ್ನ ಭಾಷೆಯಲ್ಲಿ ಉತ್ತರ ಕೊಟ್ಟಳು. ಇಬ್ಬರೂ ಬಹಳ ಹೊತ್ತು ಹಾಗೇ ಮಾತಾಡಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.

ಮಧ್ಯಾಹ್ನ ಕಡಲತಡಿಯಲ್ಲಿ ಊಟ. ಮಣ್ಣಿನ ಚಟ್ಟಿಯಲ್ಲಿ ತೆಂಗಿನಹಾಲಿನ ಮೀನು, ಕೊತ್ತಂಬರಿ ಸೊಪ್ಪಿನ ಘಮ. ಅಮ್ಮ ಮೇಜು ತಟ್ಟಿ ‘ಮೇಜು!’ ಎಂದರೆ ಬಡಿಸುವವನು ‘ಮೇಝಾ!’ ಎಂದ. ‘ಬಟಾಟೆ’ ಎಂದಳು, ಕರಿದ ಬಟಾಟೆ ಬಂತು. ಕೈ ತೊಳೆಯಲು ‘ಸಾಬೂನು’ ಎಂದಳು, ಅದೂ ಬಂತು! ಪಕ್ಕದವರೆಲ್ಲ ಚಪ್ಪಾಳೆ ತಟ್ಟಿದರು. ‘ನಿನ್ನ ಬಾಯಿಯ ಬೀಗಕ್ಕೆ ಚಾವಿ ಇಲ್ಲಿತ್ತಾ ಮಾರಾಯ್ತಿ!’ ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೆಳಗಿನಿಂದ ಒಬ್ಬರೂ ನನ್ನನ್ನು ಏನೂ ಕೇಳಿರಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು.

‘ಸಾಕು ಮಾಡಮ್ಮ. ಎಲ್ರೂ ನಿನ್ನನ್ನು ನೋಡಿ ನಗ್ತಿದ್ದಾರೆ.’

ಆ ಮಾತು ಅವಳಿಗೆ ಎಲ್ಲಿ ತಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಅಮ್ಮ ಚಮಚ ಕೆಳಗಿಟ್ಟಳು. ‘ಹೌದಾ ಮಗಾ?’ ಎಂದಳು. ಸಂಜೆ ಈ ಬಾಟಲಿಯ ಎಣ್ಣೆ ಕೊಂಡದ್ದು ಬರೀ ಬೆರಳು ತೋರಿಸಿ.

ಮನೆಗೆ ಬಂದ ಮೇಲೆ ಒಮ್ಮೆ ಮುಚ್ಚಳ ತೆರೆದು, ಮೂಸಿ, ಮುಚ್ಚಿಟ್ಟಳು. ಆ ಊರಿನ ಸುದ್ದಿ ಅವಳು ಎತ್ತಲಿಲ್ಲ, ನಾನು ಕ್ಷಮೆ ಕೇಳಲಿಲ್ಲ. ಅಪ್ಪ ತೀರಿಕೊಂಡರು, ನಾನು ಕೆಲಸಕ್ಕೆಂದು ಲೀಡ್ಸಿಗೆ ಹೋದೆ. ಜಿಪಿಯ ಹತ್ತಿರ ಹೋಗುವುದಿದ್ದರೆ ಕೊನೆಯವರೆಗೂ ನನಗೇ ಫೋನ್ ಮಾಡುತ್ತಿದ್ದಳು.

ಬಾಟಲಿಯನ್ನು ಕಸದ ಚೀಲಕ್ಕೆ ಹಾಕಿದೆ, ಮತ್ತೆ ತೆಗೆದೆ. ಗ್ಯಾಸ್ ಸಂಪರ್ಕ ನಿಲ್ಲಿಸಲು ಫೋನ್ ಮಾಡುವುದಿತ್ತು, ಹಜಾರಕ್ಕೆ ಬಂದು ಮಾಡಿದೆ. ಆ ಕಡೆಯ ಹುಡುಗಿ ಅಮ್ಮನ ಹೆಸರು, ಪೋಸ್ಟ್‌ಕೋಡ್ ಕೇಳಿಕೊಂಡು, ನಯವಾಗಿ, ‘ಅವರ ಜೊತೆಗೇ ಒಮ್ಮೆ ಮಾತಾಡಬಹುದಾ?’ ಎಂದಳು.

‘ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವಳ ಪರವಾಗಿ ನಾನೇ ಮಾತಾಡೋದು’ ಎಂದೆ.

‘ಪರವಾಗಿಲ್ಲ, ಅವರು ಒಂದು ಸಲ ಹೂಂ ಅಂದರೆ ಸಾಕು’ ಎಂದಳು ಆ ಹುಡುಗಿ. ಫೋನು ಹಿಡಿದುಕೊಂಡು ಅಡಿಗೆಮನೆಯ ಕಡೆ ತಿರುಗಿ, ನಾನು ಕಾದೆ.