ಗ್ರಿಲ್ಲಿನಾಚೆಗೆ ನೀರು

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಓಣಿಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಟ್ಯೂಷನ್ ಟೀಚರ್ ಧಾರವಾಡದ ಕಡೆಯವರು. ಕಾರ್ಖಾನೆಯಲ್ಲಿ ದುಡಿಯುವ ಕನ್ನಡದವರ ಮಕ್ಕಳೆಲ್ಲ ಅವರ ವರಾಂಡದಲ್ಲೇ ಕೂರುತ್ತಿದ್ದೆವು. ಪುಸ್ತಕ ಇಂಗ್ಲಿಷಿನದು, ವಿವರಣೆ ಅಚ್ಚ ಧಾರವಾಡದ್ದು. ಜೀವಕೋಶದ ಪೊರೆಯೆಂದರೆ ಅವರಿಗೆ ಎಲ್ಲಿಲ್ಲದ ಅಕ್ಕರೆ. ನೀರಲ್ಲಿ ನೆನೆದು ಉಬ್ಬಿದ ಒಣದ್ರಾಕ್ಷಿಯನ್ನು ಬೆಳಕಿಗೆ ಹಿಡಿದು, “ಪೊರಿ ಅಂದ್ರ ಗ್ವಾಡಿ ಅಲ್ರೋ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು, ಎಲ್ಲಾ ಅದಕ್ಕ ಗೊತ್ತೈತಿ” ಎನ್ನುತ್ತಿದ್ದರು. ಆಮೇಲೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ಒಂದು ಬೇಸಿಗೆಯ ಮಧ್ಯಾಹ್ನ ಈ ಪಾಠ ನಡೆದಿದ್ದಾಗ, ಎದುರಿನ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ಖಾಲಿ ಬಾಟಲಿ ಹಿಡಿದು ವರಾಂಡದ ಗ್ರಿಲ್ಲಿನ ಹೊರಗೆ ಬಂದು ನಿಂತಳು. ಟೀಚರ್ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಮುಖ ಅರಳಿತು.

“ಅಕ್ಕಾರ, ನೀವೂ ನಮ್ಮ ಕಡೆಯೋರೇನ್ರಿ? ನಮ್ದು ಯಾದಗಿರಿ ರೀ. ಕುಡಿಯಾಕ ಒಂದೀಟು ನೀರ ಕೊಡ್ರಿ.”

ಟೀಚರ್ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದರು. ಗ್ರಿಲ್ಲಿನ ಚಿಲಕ ತೆಗೆಯಲಿಲ್ಲ. ಸರಳುಗಳ ಸಂದಿಯಿಂದ, ತಂಬಿಗೆ ಬಾಟಲಿಗೆ ತಾಗದಂತೆ, ಮೇಲಿನಿಂದ ಸುರಿದರು.

“ಲೇಲಿಯಾ ನಾ? ಅಬ್ ಜಾವ್” ಎಂದರು ಹಿಂದಿಯಲ್ಲಿ, ಕನ್ನಡವೇ ಬಾರದವರ ಹಾಗೆ.

ಹೆಂಗಸು ನಮ್ಮನ್ನೆಲ್ಲ ಒಮ್ಮೆ ನೋಡಿ, ಬಾಟಲಿಯ ಮುಚ್ಚಳ ತಿರುವುತ್ತ ಹೋದಳು.

ಯಾರನ್ನೂ ಮುಟ್ಟದಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಟೀಚರ್ ನಮ್ಮ ಕಡೆ ತಿರುಗಿದರು. ಕನ್ನಡ ಮತ್ತೆ ಬಂತು.

“ಎಲ್ಲಿಗೆ ಬಂದಿದ್ವಿ? ಹಾಂ, ನೀರು. ನೀರಿಗೇನೂ ಅಡ್ಡಿ ಇಲ್ಲ ನೋಡ್ರಿ, ಸಲೀಸಾಗಿ ದಾಟತೈತಿ.”